ನಾಲ್ಕು ಎಕರೆ ತೋಟ, ನಲವತ್ತು ಲಕ್ಷದ ಘಟಕ: ಕಾಯಿ ಎಲ್ಲಿಂದ ತರ್ತೀರಿ?

ಪ್ರಶ್ನೆ: ನಮ್ಮೂರು ತುರುವೇಕೆರೆ ಹತ್ರ. 4 ಎಕರೆ ತೆಂಗಿನ ತೋಟ ಇದೆ, ಅಪ್ಪ ನೋಡ್ಕೊಳ್ತಾರೆ. ಕಾಯಿ ಕೆಡವಿಸಿ ಅಟ್ಟಕ್ಕೆ ಹಾಕಿ ಉಂಡೆ ಕೊಬ್ಬರಿ ಮಾಡಿ ತಿಪಟೂರಿಗೆ ಹಾಕ್ತಾರೆ. ನಾನು ಬೆಂಗಳೂರಲ್ಲಿ ವಿಜಯನಗರದಲ್ಲಿದ್ದೀನಿ, ಐಟಿ ಕೆಲಸ. ವರ್ಜಿನ್ ಕೊಬ್ಬರಿ ಎಣ್ಣೆಗೆ ಹೊರದೇಶದಲ್ಲಿ ಒಳ್ಳೆ ಮಾರ್ಕೆಟ್ ಇದೆ ಅಂತಾರೆ, 40 ಲಕ್ಷ ಹೊಂದಿಸಬಹುದು, ದಿನಕ್ಕೆ 5 ಸಾವಿರ ಕಾಯಿ ಮಾಡೋ ಮಷೀನ್‌ಗೆ ಕೊಟೇಶನ್ ಕೂಡ ತಗೊಂಡಿದ್ದೀನಿ. ಅಪ್ಪ ಬೇಡ ಅಂತಿದ್ದಾರೆ. ತೆಂಗಿನ ಯಾವ ಪ್ರಾಡಕ್ಟ್‌ಗೆ ನಿಜವಾಗ್ಲೂ ಮಾರ್ಕೆಟ್ ಇದೆ, ಹೇಳಿ.

ಉತ್ತರ: ನಿಮ್ಮ ಪ್ರಶ್ನೆ ಓದಿದ ತಕ್ಷಣ ನಾನು ಹಾಕಿದ್ದು ಒಂದು ಲೆಕ್ಕ, ಅದನ್ನೇ ಮೊದ್ಲು ಹೇಳ್ತೀನಿ. 30 ಅಡಿಗೊಂದು ಮರ ಅಂದ್ರೆ ಎಕರೆಗೆ 48, ನಾಲ್ಕು ಎಕರೆಗೆ ಹೆಚ್ಚುಕಮ್ಮಿ 190 ಮರ. ಮರಕ್ಕೆ ವರ್ಷಕ್ಕೆ 80 ಕಾಯಿ ಅಂತ ಧಾರಾಳವಾಗೇ ಹಿಡಿಯೋಣ, ಬಿಳಿನೊಣ, ಕಪ್ಪುತಲೆ ಹುಳ, ಬೋರ್ ಬತ್ತೋದು ಇದ್ಯಾವ್ದನ್ನೂ ಲೆಕ್ಕಕ್ಕೆ ತಗೋಳೋದು ಬೇಡ. 15 ಸಾವಿರ ಕಾಯಿ ಆಯ್ತು, ದಿನಕ್ಕೆ ಭಾಗ ಮಾಡಿದ್ರೆ 40. ಒಂದು ಲೀಟರ್ ವರ್ಜಿನ್ ಎಣ್ಣೆಗೆ (ಒಣ ಕೊಬ್ಬರಿ ಬದಲು ಹಸಿ ಕಾಯಿಂದ ತೆಗೆಯೋ ಎಣ್ಣೆ) ಅರ್ಧ ಕೇಜಿ ತೂಗೋ ಸುಲಿದ ಕಾಯಿ 14ರಿಂದ 16 ಬೇಕು. ಅಂದ್ರೆ ನಿಮ್ಮ ಇಡೀ ತೋಟದಿಂದ ದಿನಕ್ಕೆ 3 ಲೀಟರ್ ಕೂಡ ಬರಲ್ಲ, ನೀವು ಕೊಟೇಶನ್ ತಗೊಂಡಿರೋ ಮಷೀನ್ ನಿಮ್ಮಪ್ಪನ ವರ್ಷದ ಬೆಳೆನ ಮೂರೇ ದಿನಕ್ಕೆ ನುಂಗಿ ಹಾಕುತ್ತೆ.

ನಾಲ್ಕನೇ ದಿನದಿಂದ ನೀವು ಕಾಯಿ ಬೆಳೆಯೋರಲ್ಲ, ಕಾಯಿ ಕೊಳ್ಳೋರು. ಇದನ್ನ ತುಂಬಾ ಜನ ಮರೀತಾರೆ, ತೋಟ ಇದ್ಯಲ್ಲ ಅನ್ನೋ ಧೈರ್ಯದಲ್ಲಿ ಘಟಕ ಹಾಕ್ತಾರೆ. ರೇಟ್ ಏರಿದ ದಿನ ನಿಮ್ಮಪ್ಪನಿಗೆ ಹಬ್ಬ, ಅದೇ ದಿನ ನಿಮ್ಮ ಘಟಕಕ್ಕೆ ಬೀಗ. ಅದಕ್ಕೇ ಯಾವ ಪ್ರಾಡಕ್ಟ್‌ಗೆ ಮಾರ್ಕೆಟ್ ಇದೆ ಅನ್ನೋ ಪ್ರಶ್ನೆ ನನ್ನ ಪ್ರಕಾರ ಎರಡನೇದು. ಮೊದಲನೇದು, ಕಾಯಿ ರೇಟ್ ಎರಡು ಪಟ್ಟು ಆದ ತಿಂಗಳು ನಿಮ್ಮ ಗಿರಾಕಿ ನಿಮಗೆ ಆ ದುಡ್ಡು ಕೊಡ್ತಾನಾ ಅನ್ನೋದು.

ಎರಡು ಪಟ್ಟು ಅಂತ ಹೆದರಿಸೋಕೆ ಹೇಳ್ತಿಲ್ಲ. 2023ರಲ್ಲಿ ಉಂಡೆ ಕೊಬ್ಬರಿ ಬೆಂಬಲ ಬೆಲೆ ಕ್ವಿಂಟಾಲ್‌ಗೆ 11,750 ಇತ್ತು, ಮಾರ್ಕೆಟ್ ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದು ತಿಪಟೂರಲ್ಲಿ ರೈತರು ಧರಣಿ ಕೂತಿದ್ರು. 2025ರಲ್ಲಿ ಬೆಂಬಲ ಬೆಲೆ 12,100, ಆದ್ರೆ ಅದೇ ತಿಪಟೂರು ಎಪಿಎಂಸಿಲಿ ರೇಟ್ 25 ಸಾವಿರ ದಾಟಿತು. ಎರಡು ವರ್ಷದೊಳಗೆ ಇಷ್ಟು ಹೆಚ್ಚಾಯ್ತು. ಬೆಂಗಳೂರಲ್ಲಿ ಕಾಯಿನ ತೂಕಕ್ಕೆ ಹಾಕಿ 60, 70 ಅಂತ ಮಾರೋಕೆ ಶುರು ಮಾಡಿದಾಗ ನೀವೂ ಗಾಬರಿ ಆಗಿರ್ತೀರಿ. ಯಾಕೆ ಏರ್ತು ಅಂದ್ರೆ ಒಂದೇ ಕಾರಣ ಅಲ್ಲ. ತೆಂಗಿನ ಹೊಂಬಾಳೆ ಒಡೆದ ಮೇಲೆ ಕಾಯಿ ಬಲಿಯೋಕೆ ಹೆಚ್ಚುಕಮ್ಮಿ ಒಂದು ವರ್ಷ, ಹೊಂಬಾಳೆ ಮರದ ಒಳಗೆ ರೂಪುಗೊಳ್ಳೋದಕ್ಕೆ ಅದಕ್ಕೂ ಮುಂಚೆ ಎರಡು ಎರಡೂವರೆ ವರ್ಷ, ಹಾಗಾಗಿ 2023ರ ಬರ ಆ ವರ್ಷ ಅಷ್ಟಾಗಿ ಕಾಣಿಸ್ಲಿಲ್ಲ, ಆಮೇಲೆ ಕಾಣಿಸ್ತು. ಜೊತೆಗೆ ಎಳನೀರು. ಬಿಸಿಲು ಜಾಸ್ತಿ ಆಗಿ ಎಳನೀರಿಗೆ ಒಳ್ಳೆ ರೇಟ್ ಬಂದಾಗ ರೈತ ಯಾಕೆ ಕಾಯ್ತಾನೆ, ಆರೇಳು ತಿಂಗಳಿಗೆ ಕೊಯ್ಸಿ ಮದ್ದೂರಿನ ಎಳನೀರು ಮಾರ್ಕೆಟ್ ಲಾರಿಗೆ ಏರಿಸಿಬಿಡ್ತಾನೆ, ಸುಲಿಸೋ ಖರ್ಚಿಲ್ಲ, ಅಟ್ಟ ಬೇಡ, ಕೈಗೆ ದುಡ್ಡು. ಆ ಗೊನೆ ಮತ್ತೆ ಕಾಯಾಗಿ ಬರೋದಿಲ್ಲ ಅಷ್ಟೇ.

ಹೊರಗಿನ ಕಾರಣಗಳೂ ಇವೆ. ತೆಂಗಲ್ಲಿ ಪ್ರಪಂಚದ ಮೊದಲ ಮೂರು ದೇಶ ಇಂಡೋನೇಷ್ಯಾ, ಫಿಲಿಪ್ಪೀನ್ಸ್, ನಾವು. ಚೀನಾದಲ್ಲಿ 2021ರಲ್ಲಿ ಒಂದು ದೊಡ್ಡ ಕಾಫಿ ಚೈನ್ ತೆಂಗಿನ ಹಾಲಿನ ಲಾಟೆ ತಂದಿದ್ದೇ ತಡ, ಅಲ್ಲಿ ತೆಂಗಿನ ಹಾಲು ಕುಡಿಯೋದು ದೊಡ್ಡ ಫ್ಯಾಷನ್ ಆಯ್ತು, ಇಂಡೋನೇಷ್ಯಾದಿಂದ ಇಡೀ ಕಾಯಿನೇ ಹಡಗಲ್ಲಿ ಹೋಗೋಕೆ ಶುರುವಾಗಿ ಅಲ್ಲಿನ ಫ್ಯಾಕ್ಟರಿಗಳೇ ಕಾಯಿ ಸಿಗ್ತಿಲ್ಲ ಅಂತ ಸರ್ಕಾರದ ಬಾಗಿಲಿಗೆ ಹೋದ್ವು. ಫಿಲಿಪ್ಪೀನ್ಸ್ ಡೀಸೆಲ್‌ಗೆ ಕೊಬ್ಬರಿ ಎಣ್ಣೆ ಬೆರೆಸುತ್ತೆ, 2024ರ ಅಕ್ಟೋಬರ್‌ನಲ್ಲಿ ಶೇ 2ರಿಂದ 3ಕ್ಕೆ ಏರಿಸಿದ್ರು, ಮುಂದೆ 4 ಮಾಡ್ಬೇಕಿತ್ತು, ಎಣ್ಣೆ ರೇಟ್ ನೋಡಿ ಮುಂದಕ್ಕೆ ಹಾಕಿದ್ರು. ಶ್ರೀಲಂಕಾದಲ್ಲಂತೂ ಕುರುನೇಗಲ, ಪುತ್ತಲಂ ಅಂತ ತೆಂಗಿನ ಸೀಮೆಗಳೇ ಇದ್ರೂ 2025ರಲ್ಲಿ ಫ್ಯಾಕ್ಟರಿಗಳಿಗೋಸ್ಕರ ಹೊರಗಿನಿಂದ ತಿರುಳು ತರಿಸೋ ಮಾತಾಯ್ತು. ತೆಂಗಿನ ನಾಡಿಗೇ ತೆಂಗು ತರಿಸೋ ಗತಿ ಬಂತು ನೋಡಿ, ಹಣೆ ಚಚ್ಕೋಬೇಕು ಅನ್ಸುತ್ತೆ. ಹಾಗಾಗಿ ನಿಮ್ಮ ಘಟಕದ ಕಾಯಿ ರೇಟನ್ನ ತುರುವೇಕೆರೆ ಮಂಡಿ ಒಂದೇ ಗೊತ್ತು ಮಾಡಲ್ಲ.

ಈಗ ವರ್ಜಿನ್ ಎಣ್ಣೆಗೆ ಬರ್ತೀನಿ. ಕೇಜಿ ಕಾಯಿ 25 ಇದ್ದಾಗ ಲೀಟರ್‌ಗೆ ಕಾಯಿ ಖರ್ಚೇ 190ರ ಆಸುಪಾಸು, 60 ಆದ್ರೆ 450. ಇದರ ಮೇಲೆ ಸುಲಿಯೋ ಒಡೆಯೋ ಕೂಲಿ, ಕರೆಂಟು, ಬಾಟ್ಲಿ, ಲೇಬಲ್, ಅಂಗಡಿಯವನ ಮಾರ್ಜಿನ್ನೇ ಶೇ 30-40. ಗಿರಾಕಿ ಮಾತ್ರ ಹೋದ ತಿಂಗಳ ರೇಟಿಗೇ ಕೇಳ್ತಾನೆ. ಎಕ್ಸ್‌ಪೋರ್ಟ್ ಅಂದ್ರೆ ಫಿಲಿಪ್ಪೀನ್ಸ್, ಶ್ರೀಲಂಕಾದವರ ಎದುರು ನಿಲ್ಲಬೇಕು, ಅವರು ಇದನ್ನ ಎಷ್ಟೋ ವರ್ಷದಿಂದ ಆರ್ಗಾನಿಕ್ ಸರ್ಟಿಫಿಕೇಟ್ ಸಮೇತ ಕಂಟೈನರ್ ಲೆಕ್ಕದಲ್ಲಿ ಕಳಿಸ್ತಿದ್ದಾರೆ. ಇನ್ನೊಂದು, ಹತ್ತು ವರ್ಷದ ಹಿಂದೆ ಇದ್ದ ಅಬ್ಬರ ಈಗಿಲ್ಲ. 2017ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಶನ್ ತೆಂಗಿನ ಎಣ್ಣೆ ಕೆಟ್ಟ ಕೊಲೆಸ್ಟ್ರಾಲ್ ಏರಿಸುತ್ತೆ ಅಂತ ಬಹಿರಂಗವಾಗೇ ಹೇಳಿತು. ನಾವು ತಲೆತಲಾಂತರದಿಂದ ತಿಂದುಕೊಂಡು ಬಂದಿದ್ದೀವಿ, ನಾನೂ ತಿಂತೀನಿ, ಆದ್ರೆ ಮಾರೋರು ಬಾಟ್ಲಿ ಮೇಲೆ ಥೈರಾಯ್ಡ್ ಹೋಗುತ್ತೆ, ಮರೆವು ಹೋಗುತ್ತೆ ಅಂತೆಲ್ಲ ಬರೀಬೇಡಿ, ಎಫ್‌ಎಸ್‌ಎಸ್‌ಎಐ ನಿಯಮ ಅದಕ್ಕೆ ಒಪ್ಪೋದಿಲ್ಲ, ಮನಸ್ಸಾಕ್ಷಿನೂ ಒಪ್ಪಬಾರದು.

ಟ್ಯಾಕ್ಸ್ ವಿಷಯ ಒಂದು ಒಳ್ಳೇದಾಗಿದೆ. ಸಣ್ಣ ಬಾಟ್ಲಿ ಕೊಬ್ಬರಿ ಎಣ್ಣೆ ಅಡುಗೆದಾ ತಲೆಗೆ ಹಚ್ಚೋದಾ ಅಂತ ವರ್ಷಗಟ್ಟಲೆ ಕೋರ್ಟಲ್ಲಿ ಎಳೆದಾಡಿದ್ರು, 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ತಲೆ ಎಣ್ಣೆ ಅಂತ ಬರೆದು ಮಾರದಿದ್ರೆ ಅದು ಅಡುಗೆ ಎಣ್ಣೆನೇ ಅಂತ ತೀರ್ಪು ಕೊಡ್ತು. 2025ರ ಸೆಪ್ಟೆಂಬರ್ 22ರಿಂದ ತಲೆ ಎಣ್ಣೆಗೂ ಜಿಎಸ್‌ಟಿ 18ರಿಂದ 5ಕ್ಕೆ ಇಳೀತು, ಆ ಗಲಾಟೆನೇ ಮುಗೀತು.

ಎಳನೀರು ಬಾಟ್ಲಿಂಗ್ ಬಗ್ಗೆ ನೀವು ಕೇಳಿಲ್ಲ, ಆದ್ರೆ ಮುಂದೆ ಯಾರಾದ್ರೂ ಹೇಳೇ ಹೇಳ್ತಾರೆ, ಅದಕ್ಕೆ ಈಗ್ಲೇ ಬರೀತೀನಿ. ಹತ್ತು ಹನ್ನೆರಡು ವರ್ಷದ ಹಿಂದೆ ಅರಸೀಕೆರೆ ಕಡೆ ಒಬ್ರು ಘಟಕ ಹಾಕಿದ್ರು, ಸಲಹೆಗೆ ನನ್ನನ್ನ ಕರೆದಿದ್ದು ತಡವಾಗಿ. ಹೋದಾಗ ಸಂಜೆ ಆಗಿತ್ತು. ಬೆಳಗ್ಗೆ ತುಂಬಿದ ಬಾಟ್ಲಿಗಳನ್ನ ಕಿಟಕಿ ಹತ್ರ ಸಾಲಾಗಿ ಇಟ್ಟಿದ್ರು, ನೀರು ತಿಳಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಕುಡಿದ್ರೆ ರುಚಿ ಅಷ್ಟೇನೂ ಕೆಟ್ಟಿರ್ಲಿಲ್ಲ, ಆದ್ರೆ ಆ ಬಣ್ಣದ ಎಳನೀರನ್ನ ಯಾರು ಕೊಳ್ತಾರೆ ಹೇಳಿ. ಎಳನೀರು ಗಾಳಿಗೆ ಸೋಕಿದ ತಕ್ಷಣ ಅದರೊಳಗಿನ ಪಾಲಿಫಿನಾಲ್ ಆಕ್ಸಿಡೇಸ್ ಅನ್ನೋ ಕಿಣ್ವ ಕೆಲಸ ಶುರು ಮಾಡುತ್ತೆ, ಸೇಬು ಕೊಯ್ದಿಟ್ರೆ ಕಂದುಗಟ್ಟುತ್ತಲ್ಲ, ಅದೇ ಜಾತಿ. ಅದನ್ನ ನಿಲ್ಲಿಸೋಕೆ ಚೆನ್ನಾಗಿ ಬಿಸಿ ಮಾಡ್ಬೇಕು, ಬಿಸಿ ಮಾಡಿದ್ರೆ ಎಳನೀರಿನ ಆ ತಾಜಾ ವಾಸನೆ ಹೋಗುತ್ತೆ. ಬಿಸಿ ಮಾಡದೆ ಉಳಿಸ್ಬೇಕು ಅಂದ್ರೆ ಗೊನೆ ಇಳಿಸಿದ ಹೊತ್ತಿಂದ ಅಂಗಡಿ ಫ್ರಿಜ್‌ವರೆಗೂ ತಣ್ಣಗೇ ಇರ್ಬೇಕು. ಮೈಸೂರಿನ ಡಿಎಫ್‌ಆರ್‌ಎಲ್‌ನವರು (ರಕ್ಷಣಾ ಇಲಾಖೆಯ ಆಹಾರ ಸಂಶೋಧನಾಲಯ) ತೆಂಗು ಅಭಿವೃದ್ಧಿ ಮಂಡಳಿ ಜೊತೆ ಸೇರಿ ಇದಕ್ಕೆ ತಂತ್ರಜ್ಞಾನ ಮಾಡಿದ್ದಾರೆ, ಅದು ಕೆಲಸ ಮಾಡುತ್ತೆ. ಆದ್ರೆ ಬೆಂಗಳೂರಲ್ಲಿ ಪ್ರತಿ ಕ್ರಾಸಲ್ಲೂ ಮಚ್ಚಲ್ಲಿ ಕೊಚ್ಚಿ ಕೊಡೋ ಎಳನೀರಿರುವಾಗ ಬಾಟ್ಲಿ ಯಾರಿಗೆ ಮಾರ್ತೀರಿ ಅನ್ನೋದಕ್ಕೆ ಆ ಘಟಕದವ್ರ ಹತ್ರ ಉತ್ತರ ಇರ್ಲಿಲ್ಲ. ಒಂದೂವರೆ ವರ್ಷಕ್ಕೆ ಮುಚ್ಚಿದ್ರು. ಮುಂಚೆನೇ ಕರೆದಿದ್ರೆ ಬೇಡ ಅಂತಿದ್ದೆ, ಈಗಲೂ ಆ ದಾರಿಲಿ ಹೋದ್ರೆ ಹೊಟ್ಟೆ ಚುರುಕ್ ಅನ್ನುತ್ತೆ.

ಡಿಸಿ ಪೌಡರ್, ಅಂದ್ರೆ ಬಿಸ್ಕತ್ ಸ್ವೀಟ್‌ಗೆಲ್ಲ ಹಾಕ್ತಾರಲ್ಲ ಒಣ ತುರಿ, ನಿಮ್ಮ ಜಿಲ್ಲೆಯಲ್ಲೇ ಅದರ ಫ್ಯಾಕ್ಟರಿಗಳು ಬೇಕಾದಷ್ಟಿವೆ. ವ್ಯವಹಾರ ನಿಜ, ಆದ್ರೆ ಕಾಯಿ ಲೋಡ್‌ಗಟ್ಟಲೆ ಕೊಳ್ಳೋ ತಾಕತ್ತಿದ್ದವರದ್ದು, 40 ಲಕ್ಷ ಅಲ್ಲಿ ಒಂದು ಸೀಸನ್‌ನ ಕಾಯಿ ಕೊಳ್ಳೋಕೂ ಸಾಲಲ್ಲ. ಶುಚಿತ್ವದ ಪ್ರಶ್ನೆನೂ ದೊಡ್ಡದು. 1953ರಲ್ಲಿ ಆಸ್ಟ್ರೇಲಿಯಾದಲ್ಲಿ ಇದೇ ಒಣ ತುರಿಯಿಂದ ಜನಕ್ಕೆ ಟೈಫಾಯ್ಡ್ ಬಂದಿತ್ತು. ತಿರುಳನ್ನ ತುರಿಯೋ ಮುಂಚೆ ಸುಡು ನೀರಲ್ಲಿ ಹಾಯಿಸೋದು ಯಾಕಿಷ್ಟು ಮುಖ್ಯ ಅನ್ನೋದಕ್ಕೆ ಈ ಕಥೆನ ನಾನು ಎಲ್ಲರಿಗೂ ಹೇಳ್ತೀನಿ. ಇದನ್ನ ನೆನಪಿಟ್ಕೊಳ್ಳಿ, ಕೆಳಗೆ ಮತ್ತೆ ಬರುತ್ತೆ.

ಕೋಕೋಪೀಟ್, ಚಿಪ್ಪಿನ ಇದ್ದಿಲು ಇವೆರಡೂ ತಿನ್ನೋ ವಸ್ತು ಅಲ್ಲ, ಆದ್ರೆ ತೆಂಗಿನ ವ್ಯಾಪಾರದ ಬೆನ್ನೆಲುಬು ಈಗ ಅಲ್ಲಿದೆ ಅಂತ ನನ್ನ ನಂಬಿಕೆ. ಚಿಪ್ಪನ್ನ ಸುಟ್ಟು ಇದ್ದಿಲು ಮಾಡಿ, ಇದ್ದಿಲಿಂದ ಆಕ್ಟಿವೇಟೆಡ್ ಕಾರ್ಬನ್ ಮಾಡ್ತಾರೆ, ನಿಮ್ಮನೆ ವಾಟರ್ ಫಿಲ್ಟರ್ ಒಳಗೆ ಕಪ್ಪು ಹರಳು ಇರುತ್ತಲ್ಲ ಅದು, ಚಿನ್ನದ ಗಣಿಲೂ ಅದೇ ಬೇಕು. ಆದ್ರೆ ಗುಂಡಿ ತೋಡಿ ಸುಟ್ರೆ ಹೊಗೆಗೆ ಊರೇ ತಿರುಗಿ ಬೀಳುತ್ತೆ, ಬೀಳ್ಲೇಬೇಕು, ಆದ್ದರಿಂದ ಸಣ್ಣವರು ಚಿಪ್ಪನ್ನ ಒಣಗಿಸಿ ಚೀಲ ತುಂಬಿ ಮಾರಿದ್ರೆ ಸಾಕು. ಮಟ್ಟೆಯಿಂದ ನಾರು, ನಾರಿನ ಜೊತೆ ಬರೋ ಪುಡಿಯಿಂದ 5 ಕೇಜಿ ಇಟ್ಟಿಗೆ, ಅದೇ ಕೋಕೋಪೀಟ್, ಮಣ್ಣಿನ ಬದಲು ಗಿಡ ಬೆಳೆಸೋಕೆ. ಒಂದ್ಸಲ ನನ್ನ ಪರಿಚಯದವರ ಇಡೀ ಕಂಟೈನರ್ ಯುರೋಪಲ್ಲಿ ರಿಜೆಕ್ಟ್ ಆಯ್ತು, ಉಪ್ಪಿನಂಶ ಜಾಸ್ತಿ ಅಂತ. ಅಲ್ಲಿ ಗ್ರೀನ್‌ಹೌಸಲ್ಲಿ ಟೊಮ್ಯಾಟೊ ಬೆಳೆಯೋರು ಇಸಿ (ಉಪ್ಪಿನಂಶದ ಅಳತೆ) 0.5ರ ಕೆಳಗೆ ಕೇಳ್ತಾರೆ, ನಮ್ಮವರು ಪುಡಿನ ತೊಳೆದಿದ್ದೇನೋ ನಿಜ, ಆದ್ರೆ ತೊಳೆದ ಬೋರ್ ನೀರೇ ಉಪ್ಪುಪ್ಪು. ಪುಡಿ ತೊಳೆದ ಕಂದು ನೀರನ್ನ ಎಲ್ಲಿ ಬಿಡ್ತೀರಿ ಅನ್ನೋದು ಇನ್ನೊಂದು ಕಷ್ಟ, ಪೊಳ್ಳಾಚಿ ಕಡೆ ಬಾವಿಗಳು ಕೆಟ್ವು ಅಂತ ರೈತರೇ ದೂರು ಕೊಟ್ಟಿದ್ದಾರೆ.

ಫಿಲಿಪ್ಪೀನ್ಸ್ ವಿಷಯ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ಅಲ್ಲಿ ಮಾರ್ಕೆಟ್ ಅಷ್ಟು ದೊಡ್ಡದಿದ್ರೂ ತೆಂಗು ಬೆಳೆಯೋ ರೈತ ಅಲ್ಲಿನ ಅತಿ ಬಡವರಲ್ಲಿ ಒಬ್ಬ. ತೆಂಗಿನೆಣ್ಣೆ ರಫ್ತಲ್ಲಿ ಅವರು ಪ್ರಪಂಚಕ್ಕೆ ಮೊದಲು. ರೈತ ಮಾತ್ರ ಕಾಯಿ ಒಡೆದು, ಹೊಗೆಯಲ್ಲಿ ಒಣಗಿಸಿ, ಕೊಬ್ಬರಿನ ಊರಿನ ವ್ಯಾಪಾರಿಗೆ ಕೊಟ್ಟು ಕೈ ತೊಳ್ಕೊಳ್ತಾನೆ, ನೀರು ನೆಲಕ್ಕೆ, ಎಷ್ಟೋ ಕಡೆ ಮಟ್ಟೆ ಒಲೆಗೆ. 1970ರ ದಶಕದಲ್ಲಿ ಅಲ್ಲಿನ ಅಧ್ಯಕ್ಷ ಮಾರ್ಕೋಸ್ ಕಾಲದಲ್ಲಿ ರೈತರ ಉದ್ಧಾರಕ್ಕೆ ಅಂತಲೇ ಕೊಬ್ಬರಿ ಮೇಲೆ ಒಂದು ಸುಂಕ ಹಾಕಿ ದುಡ್ಡು ಕೂಡಿಟ್ರು, ಅದು ಆಳೋರ ಹತ್ತಿರದವರ ಕೈ ಸೇರ್ತು. ಆ ದುಡ್ಡನ್ನ ರೈತರಿಗೆ ವಾಪಸ್ ಮುಟ್ಟಿಸೋ ಟ್ರಸ್ಟ್ ಫಂಡ್ ಕಾನೂನು ಬಂದಿದ್ದು 2021ರಲ್ಲಿ, ಹೆಚ್ಚುಕಮ್ಮಿ ಐವತ್ತು ವರ್ಷ ಆದ್ಮೇಲೆ, ಅಷ್ಟರಲ್ಲಿ ಸುಂಕ ಕಟ್ಟಿದವರು ಎಷ್ಟೋ ಜನ ಸತ್ತೇ ಹೋಗಿದ್ರು. 2013ರ ನವೆಂಬರ್‌ನಲ್ಲಿ ಹೈಯಾನ್ ಚಂಡಮಾರುತಕ್ಕೆ 3 ಕೋಟಿಗೂ ಹೆಚ್ಚು ತೆಂಗಿನ ಮರ ಬಿದ್ವು, ಇಲ್ಲ ಹಾಳಾದ್ವು. ತೆಂಗು ಇವತ್ತು ನೆಟ್ರೆ ನಾಳೆ ಫಲ ಕೊಡೋ ಬೆಳೆ ಅಲ್ವಲ್ಲ. ದೊಡ್ಡ ಫ್ಯಾಕ್ಟರಿ, ದೊಡ್ಡ ರಫ್ತು ಇದ್ದ ಮಾತ್ರಕ್ಕೆ ತೋಟದವನ ಮನೆ ಬೆಳಗಲ್ಲ, ಒಂದು ಕಾಯಿಂದ ಎಷ್ಟು ಭಾಗ ದುಡ್ಡಾಗುತ್ತೆ, ಅದರಲ್ಲಿ ಎಷ್ಟು ತೋಟದ ಹತ್ರಾನೇ ಉಳಿಯುತ್ತೆ ಅನ್ನೋದ್ರ ಮೇಲೆ ಇದೆ.

ಹಾಗೆ ನೋಡಿದ್ರೆ ನಿಮ್ಮಪ್ಪ ಮಾಡ್ತಿರೋದು ಸಾಮಾನ್ಯ ಕೆಲಸ ಅಲ್ಲ. ಕಾಯಿನ ಸುಲಿಯದೇ ಅಟ್ಟದ ಮೇಲೆ ಹತ್ತು ತಿಂಗಳು, ವರ್ಷ ಇಟ್ಟು, ಒಳಗಿನ ನೀರು ತಾನಾಗೇ ಇಂಗಿ, ಕಿವಿ ಹತ್ರ ಹಿಡಿದು ಅಲ್ಲಾಡಿಸಿದ್ರೆ ಗಿಟುಕು ಗಡಗಡ ಅನ್ನೋವರೆಗೂ ಕಾಯೋದು. ಕರೆಂಟು ಬೇಡ, ಮಷೀನ್ ಬೇಡ, ಕೌಟು ಹಿಡಿಯದ ಹಾಗೆ ನೋಡ್ಕೊಳ್ಳೋ ಅನುಭವ ಬೇಕು. ರಾಜಸ್ಥಾನ, ಉತ್ತರ ಪ್ರದೇಶ, ಗುಜರಾತಿನ ಕಡೆ ಹಬ್ಬಕ್ಕೆ ಮದುವೆಗೆ ಡ್ರೈಫ್ರೂಟ್ ತರ ಕೊಳ್ಳೋದು ಈ ಉಂಡೆ ಕೊಬ್ಬರಿನೇ. ಅಟ್ಟ ಅಂದ್ರೆ ನಿಮ್ಮಪ್ಪನ ಗೋಡೌನ್, ಬ್ಯಾಂಕು ಎರಡೂ. ರೇಟ್ ಬಿದ್ದ ವರ್ಷ ನಷ್ಟ ಆಗುತ್ತೆ, 2023ರಲ್ಲಿ ಆಯ್ತು, ಆದ್ರೆ ಸಾಲದ ಕಂತು ಇರ್ಲಿಲ್ಲ. ಅವರು ಬೇಡ ಅಂತಿರೋದು ನಿಮ್ಮ ಮೇಲೆ ನಂಬಿಕೆ ಇಲ್ದೆ ಅಲ್ಲ, ಕಂತಿನ ಭಯಕ್ಕೆ.

ಹಾಗಾದ್ರೆ ಏನ್ ಮಾಡ್ಲಿ ಅಂತೀರಿ. ನನ್ನ ಉತ್ತರ ಬೆಂಗಳೂರಿಗೆ ತಾಜಾ ತುರಿ. ಇದು ಯಾರ ಕಣ್ಣಿಗೂ ಅಷ್ಟಾಗಿ ಬೀಳೋ ಪ್ರಾಡಕ್ಟ್ ಅಲ್ಲ, ಎಕ್ಸ್‌ಪೋರ್ಟ್ ಅಂತ ಹೇಳ್ಕೊಳ್ಳೋಕೂ ಆಗಲ್ಲ.

ಹೋದ ವರ್ಷ ರೇಟ್ ಜೋರಾಗಿದ್ದಾಗ ಬಸವನಗುಡಿ ಕಡೆ ಒಂದು ದರ್ಶಿನಿ ಅಡುಗೆಮನೆಲಿ ಬೆಳಗಿನ ಜಾವ ನಾಲ್ಕೂವರೆಗೆ ನಿಂತಿದ್ದೆ, ಮಾಲೀಕರು ಹಳೇ ಪರಿಚಯ. ಇಬ್ರು ಹುಡುಗರು ಬರೀ ಕಾಯಿ ಕೆಲಸಕ್ಕೆ. ಒಬ್ಬ ಜುಟ್ಟು ಕಿತ್ತು ಒಡೀತಾನೆ, ಇನ್ನೊಬ್ಬ ಮೋಟರ್ ತುರಿಮಣೆಗೆ ಹೋಳು ಒತ್ತಿ ಹಿಡೀತಾನೆ, ಬಿಳಿ ತುರಿ ಬೇಸನ್‌ಗೆ ಬೀಳ್ತಾ ಇರುತ್ತೆ, ಚಿಪ್ಪಿನ ಹತ್ರ ಬಂದಾಗ ಸ್ವಲ್ಪ ಕಂದು ಬಂದ್ರೆ ಭಟ್ರು ಒಳಗಿಂದ ಬೈತಾರೆ, ಚಟ್ನಿ ಬಣ್ಣ ಹೋಗುತ್ತೆ ಅಂತ. ಆವತ್ತು 80 ಕಾಯಿ ಒಡೆದ್ರು, ಆರು ಕೆಟ್ಟು ಹೋಗಿದ್ವು. ಕೆಟ್ಟ ಕಾಯಿಗೂ ದುಡ್ಡು ಕೊಟ್ಟಾಗಿದೆ, ಹುಡುಗರ ಸಂಬಳ ಬೇರೆ, ಒಬ್ಬ ಊರಿಗೆ ಹೋದ್ರೆ ಚಟ್ನಿನೇ ಇಲ್ಲ. ಮಾಲೀಕರು ಹುರಿಗಡಲೆ ಜಾಸ್ತಿ ಮಾಡಿದ್ದೀನಿ ಅಂತ ತಾವೇ ಹೇಳಿದ್ರು, ಬೇಜಾರಿಂದ್ಲೇ ಹೇಳಿದ್ರು. ಕಾಯಿ ಎಷ್ಟೇ ಆಗ್ಲಿ ಇವರು ಕೊಳ್ಳೋದು ನಿಲ್ಲಿಸಕ್ಕಾಗಲ್ಲ, ಇಡ್ಲಿ ಇದೆ ಅಂದ್ರೆ ಚಟ್ನಿ ಇರ್ಲೇಬೇಕು. ನಾನು ಮೊದ್ಲೇ ಕೇಳಿದ ಪ್ರಶ್ನೆಗೆ ಇದೇ ಉತ್ತರ, ರೇಟ್ ಏರಿದಾಗ್ಲೂ ಬಿಡದ ಗಿರಾಕಿ ಇಲ್ಲಿದ್ದಾನೆ, ಆವತ್ತಿನ ಮಂಡಿ ರೇಟಿನ ಮೇಲೆ ಕೇಜಿಗೆ ಇಷ್ಟು ಅಂತ ಮಾತಾಡ್ಕೊಂಡ್ರೆ ಏರಿಳಿತ ಅವನಿಗೂ ನಿಮಗೂ ಹಂಚಿ ಹೋಗುತ್ತೆ.

ಮಾಡೋ ವಿಧಾನ ಕಷ್ಟ ಇಲ್ಲ, ಶಿಸ್ತು ಬೇಕು. ಊರಲ್ಲೇ ಸುಲಿದು, ಚಿಪ್ಪು ಬಿಡಿಸಿ, ಮೇಲಿನ ಕಂದು ಸಿಪ್ಪೆ ಹೆರೆದು, ತಿರುಳನ್ನ ತೊಳೆದು 80 ಡಿಗ್ರಿ ಮೇಲಿನ ನೀರಲ್ಲಿ ಹಾಯಿಸಬೇಕು (ಆಸ್ಟ್ರೇಲಿಯಾ ಕಥೆ ನೆನಪಿದ್ಯಲ್ಲ), ಆಮೇಲೆ ತುರಿದು 1 ಕೇಜಿ 5 ಕೇಜಿ ಪ್ಯಾಕ್. ತಣ್ಣಗಿಟ್ರೆ ಮೂರ್ನಾಲ್ಕು ದಿನ, ಮೈನಸ್ 18ರಲ್ಲಿ ಫ್ರೀಜ್ ಮಾಡಿದ್ರೆ ತಿಂಗಳುಗಟ್ಟಲೆ. ಬಿಸಿ ನೀರು ಬಿಟ್ಟು ಶಾರ್ಟ್‌ಕಟ್ ಹೊಡೆದ್ರೆ ಎರಡನೇ ದಿನ ಲೋಳೆ ಬಂದು ಹುಳಿ ವಾಸನೆ ಹೊಡೆಯುತ್ತೆ, ಗಿರಾಕಿ ಮತ್ತೆ ಫೋನ್ ಎತ್ತಲ್ಲ. ಅರ್ಧ ಕೇಜಿ ಕಾಯಲ್ಲಿ ತಿರುಳು ಕಾಲು ಕೇಜಿ ಸಿಕ್ಕಿದ್ರೆ ಹೆಚ್ಚು, ಅದನ್ನ ಇಟ್ಕೊಂಡೇ ರೇಟ್ ಹಾಕಿ. ಹೆರೆದ ಕಂದು ಸಿಪ್ಪೆನ ಒಣಗಿಸಿ ಗಾಣಕ್ಕೆ ಹಾಕಿದ್ರೆ ಎಣ್ಣೆ ಬರುತ್ತೆ, ಚಿಪ್ಪು ಇದ್ದಿಲಿನವರಿಗೆ, ಮಟ್ಟೆ ನಾರಿನ ಫ್ಯಾಕ್ಟರಿಗೆ. ಈ ಮೂರರಿಂದ ಬರೋ ಚಿಲ್ಲರೆನೇ ಎಷ್ಟೋ ತಿಂಗಳು ಕೂಲಿ ಕಟ್ಟುತ್ತೆ, ನಾನು ನೋಡಿರೋದು.

ದಿನಕ್ಕೆ 300-400 ಕಾಯಿಂದ ಶುರು ಮಾಡಿ, 5 ಸಾವಿರ ಬೇಡ. ಅಕ್ಕಪಕ್ಕದ ಹತ್ತು ಹದಿನೈದು ತೋಟದವರ ಜೊತೆ ಮಾತಾಡಿದ್ರೆ ಅಷ್ಟು ಕಾಯಿ ನಡೆಯುತ್ತೆ, ಆ ಮಾತುಕತೆಗೆ ನಿಮಗಿಂತ ನಿಮ್ಮಪ್ಪನೇ ಸರಿ. ಹಣದ ವಿಷಯಕ್ಕೆ ಸಣ್ಣ ಆಹಾರ ಘಟಕಗಳಿಗೆ ಇರೋ ಪಿಎಂಎಫ್‌ಎಂಇ ಯೋಜನೆ ನೋಡಿ, ಕೇಂದ್ರದ ಶೇ 35 ಜೊತೆ ನಮ್ಮ ರಾಜ್ಯದ್ದು ಶೇ 15 ಸೇರಿ ಅರ್ಧದಷ್ಟು, 15 ಲಕ್ಷದವರೆಗೆ ಸಬ್ಸಿಡಿ ಅಂತ ಕೊಟ್ಕೊಂಡು ಬಂದಿದ್ದಾರೆ, ಬೆಂಗಳೂರಿನ ಕೆಪೆಕ್ (ರಾಜ್ಯ ಸರ್ಕಾರದ ಕೃಷಿ ಉತ್ಪನ್ನ ಸಂಸ್ಕರಣೆ, ರಫ್ತು ನಿಗಮ) ಕಚೇರಿ ನೋಡ್ಕೊಳ್ಳುತ್ತೆ, ಈಗ ಅರ್ಜಿ ತಗೋತಿದ್ದಾರಾ ಅಂತ ವಿಚಾರಿಸ್ಕೊಂಡೇ ಮುಂದುವರೀರಿ. ಸಬ್ಸಿಡಿ ಸಾಲದ ಜೊತೆ ಬರೋದು ಅನ್ನೋದು ಗಮನದಲ್ಲಿರ್ಲಿ. ತರಬೇತಿಗೆ ಮೈಸೂರಿನ ಆಹಾರ ತಂತ್ರಜ್ಞಾನ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ, ಕಾಸರಗೋಡಿನ ತೋಟದ ಬೆಳೆ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಇದೆ, ತೆಂಗು ಅಭಿವೃದ್ಧಿ ಮಂಡಳಿ ಪ್ರಾದೇಶಿಕ ಕಚೇರಿ ಬೆಂಗಳೂರಲ್ಲೇ ಇದೆ. ಕೆಲಸ ಮಾತ್ರ ಈಗ್ಲೇ ಬಿಡಬೇಡಿ.

ಮಷೀನ್‌ನವರಿಗೆ ಅಡ್ವಾನ್ಸ್ ಕೊಟ್ಟಿಲ್ಲ ತಾನೆ? ಕೊಟ್ಟಿಲ್ಲ ಅಂದ್ರೆ ಇನ್ನೊಂದು ತಿಂಗಳು ಕೊಡಬೇಡಿ. ಆ ತಿಂಗಳಲ್ಲಿ ವಿಜಯನಗರ, ಬಸವೇಶ್ವರನಗರ, ರಾಜಾಜಿನಗರದ ಹತ್ತು ಹೋಟೆಲ್‌ಗೆ ಬೆಳಗ್ಗೆ ಐದಕ್ಕೆ ಹೋಗಿ, ಭಟ್ರ ಹತ್ರ ಮೂರೇ ವಿಷಯ ಕೇಳಿ: ದಿನಕ್ಕೆ ಎಷ್ಟು ಕಾಯಿ, ಅದರಲ್ಲಿ ಎಷ್ಟು ಕೆಡುತ್ತೆ, ಒಡೆದು ತುರಿಯೋಕೆ ಎಷ್ಟು ಜನ. ಬರ್ಕೊಳ್ಳಿ. ಆಮೇಲೆ ಅಪ್ಪನ ಹತ್ರ 200 ಕಾಯಿ ಕೇಳಿ ತಂದು, ಮನೇಲೇ ಬಿಸಿ ನೀರಲ್ಲಿ ಹಾಯಿಸಿ ತುರಿದು, ಇಬ್ರು ಭಟ್ರಿಗೆ ಒಂದು ವಾರ ಪುಕ್ಕಟೆ ಕೊಟ್ಟು ನೋಡಿ. ಎಂಟನೇ ದಿನ ಅವರೇ ಫೋನ್ ಮಾಡಿ ಎಲ್ಲಿ ತುರಿ ಅಂತ ಕೇಳಿದ್ರೆ ನನಗೆ ಮತ್ತೆ ಬರೀರಿ, ಎಷ್ಟು ದೊಡ್ಡ ಫ್ರೀಜರ್ ಬೇಕು ಅಂತ ಕೂತು ಲೆಕ್ಕ ಹಾಕೋಣ.